ಇಳಿಯಲು ಹಿಡಿದ ಹೊತ್ತು

ಮೊದಲ ಮಳೆ ಬಿದ್ದು ಅರ್ಧ ಗಂಟೆಯಾಗಿತ್ತು. ಕಾದ ಕಪ್ಪುಕಲ್ಲಿಗೆ ನೀರು ತಾಗಿದಾಗ ಏಳುವ ವಾಸನೆ ಹೊಲದ ಮಣ್ಣಿನ ವಾಸನೆಗಿಂತ ಬೇರೆ. ಅದರಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಸುಟ್ಟ ಹುಲ್ಲು ಇರುತ್ತದೆ. ನಾಶಿಕದ ಪಾಂಡವ ಲೇಣಿ ಗುಹೆಗಳ ಗುಡ್ಡದ ಬುಡದಲ್ಲಿ ರಿಕ್ಷಾ ಇಳಿದಾಗ ನನಗೆ ಮೊದಲು ಸಿಕ್ಕಿದ್ದು ಆ ವಾಸನೆ. ಗುಡ್ಡವನ್ನು ತಲೆಯೆತ್ತಿ ನೋಡಿದ್ದು ಆಮೇಲೆ.

ಹತ್ತು ಹನ್ನೆರಡು ಹುಡುಗ ಹುಡುಗಿಯರು ಮೆಟ್ಟಿಲುಗಳ ಮೇಲೆ ಓಡುತ್ತಿದ್ದರು. ಮೇಲೆ ಹೋಗಿ ಇಳಿದು ಬಂದು, ಸೊಂಟಕ್ಕೆ ಕೈಕೊಟ್ಟು ಒಂದು ಗಳಿಗೆ ನಿಂತು, ಮತ್ತೆ ಮೇಲಕ್ಕೆ ಹೊರಡುತ್ತಿದ್ದರು. ಬುಡದಲ್ಲಿ ಅವರ ಮಾಸ್ತರು ಕೊರಳಿಗೆ ಸೀಟಿ ಹಾಕಿಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಒಬ್ಬ ಹುಡುಗಿ ಬಾಗಿ ಮೊಣಕಾಲು ಹಿಡಿದುಕೊಂಡೇ "ಕಿತೀ ಸರ್?" ಎಂದು ಕೇಳಿದಳು. ಎಷ್ಟಾಯಿತು ಎಂದು. ಅವರು ಒಂದು ಸಂಖ್ಯೆ ಹೇಳಿದರು. ಅವಳು ತಲೆಯಾಡಿಸಿ ಮತ್ತೆ ಓಡಿದಳು. ಬುಡದಲ್ಲಿ ಗಡಿಯಾರ ಹಿಡಿದು ನಿಂತವರು ಹೇಳಿದ ಸಂಖ್ಯೆಯನ್ನು ಓಡುವವರು ನಂಬುತ್ತಾರೆ. ನಂಬದೆ ಅವರಿಗೆ ಬೇರೆ ದಾರಿಯಿಲ್ಲ.

ನನ್ನ ಕೈಚೀಲದಲ್ಲಿ ನೂರು ಪುಟದ ಒಂದು ಹಳೆಯ ನೋಟುಬುಕ್ಕಿತ್ತು. ಕಲಬುರಗಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವಳು ನಾನು. ಎಷ್ಟೋ ಪುಸ್ತಕ, ಕಡತಗಳನ್ನು ರದ್ದಿಗೆ ಹಾಕಿದ್ದೇನೆ. ಈ ನೋಟುಬುಕ್ಕನ್ನು ಹಾಕಲಿಲ್ಲ. ಅದರಲ್ಲಿರುವುದು ಒಂದೇ ಬೇಸಿಗೆ, ಸಾವಿರದ ಒಂಬೈನೂರ ಅರವತ್ತೊಂಬತ್ತರದು.

ಆಗ ನನಗೆ ಹನ್ನೆರಡು ವರ್ಷ. ನಮ್ಮದು ಭಾಲ್ಕಿ. ಅವ್ವನ ಅಕ್ಕ, ನನ್ನ ದೊಡ್ಡವ್ವ, ನಾಶಿಕದಲ್ಲಿದ್ದಳು. ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮುಂಬಯಿ ರಸ್ತೆಯ ಪಕ್ಕದ ಅಂಬಡ್‌ನಲ್ಲಿ, ಈ ಗುಡ್ಡ ಕಾಣುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇಂದು ಅಂಬಡ್ ಎಂದರೆ ಕಾರ್ಖಾನೆಗಳ ಸಾಲು. ಅಂದು ಅಂಬಡ್ ಎಂದರೆ ಹೊಲ, ಪೇರಲದ ತೋಟ, ನಡುವೆ ಎತ್ತಿನ ಗಾಡಿಯ ಜಾಡು. ನನ್ನ ಎಲ್ಲ ಬೇಸಿಗೆ ರಜೆಗಳೂ ಅಲ್ಲೇ ಕಳೆದವು. ಮನೆಯಲ್ಲಿ ದೊಡ್ಡಪ್ಪನ ತಾಯಿ ಇದ್ದರು. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು. ಮತ್ತೆ ದೊಡ್ಡವ್ವನ ಒಬ್ಬನೇ ಮಗ, ವೀರಣ್ಣ. ಅವನಿಗೆ ಹದಿನೆಂಟು, ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ್ದ.

ವೀರಣ್ಣ ಓಡುತ್ತಿದ್ದ. ಅವನ ಕಾಲೇಜಿನ ಆಟದ ಮಾಸ್ತರು ಆ ಬೇಸಿಗೆಯ ಕೊನೆಗೆ ಇದೇ ಗುಡ್ಡದ ಮೇಲೆ ಪರೀಕ್ಷೆ ಇಟ್ಟಿದ್ದರು. ಎಂಟು ಸಲ ಹತ್ತಿ ಇಳಿಯಬೇಕು. ಮೊದಲು ಮುಗಿಸಿದ ಇಬ್ಬರನ್ನು ಔರಂಗಾಬಾದಿನ ದೊಡ್ಡ ಓಟಕ್ಕೆ ಕಳಿಸುತ್ತಾರೆ, ಮುಂದಿನ ಎರಡು ವರ್ಷ ಕಾಲೇಜೇ ಅವರನ್ನು ಓದಿಸುತ್ತದೆ. ದೊಡ್ಡಪ್ಪ ಊಟಕ್ಕೆ ಕೂತಾಗ ತಮ್ಮ ಮಾತನ್ನು ಒಂದೇ ಸಲ ಹೇಳಿದ್ದರು.

"ಇಬ್ಬರಾಗ ಬಂದಿ ಅಂದ್ರ ಓಡು, ಓದು, ನಾ ಅಡ್ಡ ಬರಂಗಿಲ್ಲ. ಬರ್ಲಿಲ್ಲ ಅಂದ್ರ ಜೂನ್‌ದಾಗ ಲಾಸಲಗಾಂವಿಗೆ ಹೋಗು. ಶೇಠಜಿಗೆ ಮಾತು ಕೊಟ್ಟೀನಿ."

ಲಾಸಲಗಾಂವಿನಲ್ಲಿ ಅವರ ಗೆಳೆಯರೊಬ್ಬರ ಈರುಳ್ಳಿ ಅಡತಿ ಅಂಗಡಿಯಿತ್ತು. ವೀರಣ್ಣ ರೊಟ್ಟಿ ಮುರಿಯುತ್ತ "ಹೂಂ ಅಪ್ಪಾಜಿ" ಎಂದ. ಆಮೇಲೆ ಹಿತ್ತಲಲ್ಲಿ ನನಗೆ ಹೇಳಿದ, "ಉಳ್ಳಾಗಡ್ಡಿ ಕಂಡ್ರ ಈಗೇ ಕಣ್ಣಾಗ ನೀರು ಬರ್ಲತ್ತಾವ ನೋಡು."

ನನಗೆ ಅವನು ಒಂದು ಕೆಲಸ ಕೊಟ್ಟ. ಬೆಳಗಿನ ಐದೂವರೆಗೆ ದೊಡ್ಡಪ್ಪನ ಕೈಗಡಿಯಾರ ತೆಗೆದುಕೊಂಡು ಅವನ ಸೈಕಲ್ಲಿನ ಹಿಂದೆ ಕೂತು ಗುಡ್ಡಕ್ಕೆ ಹೋಗುವುದು, ಬುಡದ ಬೇವಿನ ಗಿಡದ ಕೆಳಗೆ ನಿಂತು ಸಮಯ ಬರೆಯುವುದು. ಒಂದು ಸಲ ಹತ್ತಿ ಇಳಿದರೆ ಒಂದು ಫೇರಿ. ಮೇಲೆ ಗುಹೆಗಳ ಮುಂದಿನ ಕಟ್ಟೆ ತಲುಪಿದ ಕೂಡಲೇ ಅವನು ಕೆಂಪು ಟವೆಲ್ ಬೀಸುತ್ತಿದ್ದ, ನಾನು ಸೆಕೆಂಡಿನ ಮುಳ್ಳು ನೋಡಿ ಹತ್ತಿದ ಸಮಯ ಬರೆಯುತ್ತಿದ್ದೆ. ಕೆಳಗೆ ಬಂದು ಬೇವಿನ ಗಿಡ ಮುಟ್ಟಿದಾಗ ಇಳಿದ ಸಮಯ. ನೋಟುಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ 'ಹತ್ತಿದ್ದು', ಬಲಕ್ಕೆ 'ಇಳಿದದ್ದು' ಎಂದು ಬರೆದಿದ್ದೆ. ಇಳಿದದ್ದು ಯಾಕೆ ಬೇಕು ಎಂದು ಅವನು ನಕ್ಕಿದ್ದ. "ಹತ್ತೋದಷ್ಟೇ ಲೆಕ್ಕ. ಇಳಿಯೋದು ದನಾನೂ ಇಳೀತಾವ." ನಾನು ಬಿಡಲಿಲ್ಲ. ಗೆರೆ ಎಳೆದಾಗಿತ್ತು.

"ಏನ್ರೀ ಟೈಮ್ ಬಾಯಿ, ಇವತ್ತ ಮೆಹರ್ಬಾನಿ ಮಾಡ್ತೀರಿ?" ಎಂದು ದಿನಾ ಕೇಳುತ್ತಿದ್ದ.

"ಗಡಿಯಾರ ಏನು ಹೇಳ್ತದೋ ಅದೇ," ಎನ್ನುತ್ತಿದ್ದೆ ನಾನು.

ಇನ್ನೊಂದು ಕೆಲಸ ಹೇಳಿ ಕೊಟ್ಟದ್ದಲ್ಲ, ಕೈಯಲ್ಲಿ ಇಟ್ಟದ್ದು. ನಮ್ಮವರು ದೀಕ್ಷೆಯಾದ ದಿನದಿಂದ ಇಷ್ಟಲಿಂಗವನ್ನು ಮೈಮೇಲಿಂದ ಇಳಿಸುವುದಿಲ್ಲ. ವೀರಣ್ಣನ ಕೊರಳಲ್ಲಿ ಮುತ್ಯಾನ ಕಾಲದ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಲಿಂಗ. ಓಡುವಾಗ ಆ ಕರಡಿಗೆ ಎದೆಗೂಡಿನ ನಡು ಎಲುಬಿಗೆ ಪ್ರತಿ ಹೆಜ್ಜೆಗೂ ಬಡಿಯುತ್ತಿತ್ತು. ರೂಪಾಯಿ ಅಗಲದ ನೀಲಿ ಕಲೆ ಬಿದ್ದಿತ್ತು. ಎರಡನೇ ವಾರ ಒಂದು ಬೆಳಿಗ್ಗೆ ಅವನು ಅದನ್ನು ದಾರದ ಸಮೇತ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಶಾಂತಾ, ಹಿಡ್ಕೋ. ಕೆಳಗ ಇಡಬ್ಯಾಡ. ಆಯಿಗಿ ಹೇಳಬ್ಯಾಡ."

"ನನಗ ಇನ್ನಾ ದೀಕ್ಷಾ ಆಗಿಲ್ಲ."

"ಹಿಡ್ಕೊಳ್ಳಾಕ ದೀಕ್ಷಾ ಯಾಕ ಬೇಕು? ಕೈ ಸ್ವಚ್ಛ ಅವ ಇಲ್ಲೋ?"

ಕೈ ಸ್ವಚ್ಛವಿದ್ದವು. ಅಂದಿನಿಂದ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಕರಡಿಗೆ. ಎಡಗಡೆ ಕಾಲಂನಲ್ಲಿ ಸಂಖ್ಯೆಗಳು ಇಳಿಯತೊಡಗಿದವು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಇದ್ದದ್ದು ಹದಿನೈದಾಯಿತು, ಹತ್ತಾಯಿತು. ನಾಲ್ಕು ನಿಮಿಷದ ಒಳಗೆ ಬಂದರೆ ತನ್ನನ್ನು ಯಾರೂ ತಡೆಯಲಾರರು ಎಂದು ಅವನು ಲೆಕ್ಕ ಹಾಕಿದ್ದ.

ದಿನವೂ ನೋಡಿ ನೋಡಿ ನನಗೂ ಓಡುವ ಆಸೆಯಾಯಿತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಪರೀಕ್ಷೆಗೆ ಹತ್ತು ದಿನ ಇದ್ದಾಗ, ಅವನು ಐದನೇ ಫೇರಿಗೆ ಹೊರಟು ಮೊದಲ ತಿರುವಿನಲ್ಲಿ ಮರೆಯಾದ ಕೂಡಲೇ ನಾನು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಓಡಿದೆ. ಮೊದಲ ತಿರುವಿನಲ್ಲಿ ಒಂದು ಸೀತಾಫಲದ ಗಿಡವಿತ್ತು. ಅದನ್ನು ಮುಟ್ಟಿ ವಾಪಸು ಬರುವುದು ನನ್ನ ಯೋಜನೆ. ಮುಟ್ಟಿದೆ. ಎದೆ ಒಡೆಯುವಂತೆ ಉಸಿರು ಬರುತ್ತಿತ್ತು, ಖುಷಿಯಾಗಿತ್ತು. ತಿರುಗಿ ಹತ್ತಾರು ಮೆಟ್ಟಿಲು ಇಳಿದಾಗ ಕೊರಳಲ್ಲಿದ್ದ ಕರಡಿಗೆ ಹಗುರವೆನಿಸಿತು. ನೋಡಿದರೆ ಮುಚ್ಚಳ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

ಈ ಗುಡ್ಡ ಕಪ್ಪುಕಲ್ಲಿನದು. ಮೆಟ್ಟಿಲ ಎರಡೂ ಬದಿಗೆ ದೊಡ್ಡವು, ಸಣ್ಣವು, ಅಡಿಕೆಯಷ್ಟು, ನೆಲ್ಲಿಕಾಯಿಯಷ್ಟು ಕಲ್ಲುಗಳು, ಎಲ್ಲವೂ ಕಪ್ಪು. ಲಿಂಗವೂ ನೆಲ್ಲಿಕಾಯಿಯಷ್ಟೇ, ಕಪ್ಪು. ನಾನು ಮಂಡಿಯೂರಿ ಹುಡುಕಿದೆ. ಹುಲ್ಲು ಸರಿಸಿ ನೋಡಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಏಕೆಂದರೆ ಗಡಿಯಾರ ನೋಡಿರಲಿಲ್ಲ. ಮೇಲೆ ಟವೆಲ್ ಬೀಸಿದ್ದನ್ನೂ ನೋಡಿರಲಿಲ್ಲ. ಅವನ ಹೆಜ್ಜೆಯ ಸದ್ದು ಮೇಲಿನಿಂದ ಬರತೊಡಗಿತು.

ಮಳೆನೀರು ಹರಿದ ಒಂದು ಕಾಲುವೆಯಲ್ಲಿ ನುಣುಪಾದ ಕಲ್ಲುಗಳಿದ್ದವು. ಅದರಲ್ಲಿ ಒಂದನ್ನು ಎತ್ತಿಕೊಂಡೆ. ಗುಂಡಗಿತ್ತು, ಬದಿಯಲ್ಲಿ ಕೂದಲೆಳೆಯಂಥ ಕಂದು ಗೆರೆಯೊಂದಿತ್ತು. ಕರಡಿಗೆಯಲ್ಲಿಟ್ಟು ಮುಚ್ಚಳ ಒತ್ತಿ, ಬೇವಿನ ಗಿಡಕ್ಕೆ ಓಡಿ, ಪೆನ್ಸಿಲ್ ಹಿಡಿದು ನಿಂತೆ.

"ಎಷ್ಟು?" ಎಂದ ವೀರಣ್ಣ, ಗಿಡಕ್ಕೆ ಒರಗಿ.

ನಾನು ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ: ಹತ್ತಿದ್ದು, ಮೂರು ನಿಮಿಷ ಐವತ್ತೆಂಟು ಸೆಕೆಂಡು. ಇಳಿದದ್ದು, ಮೂರು ನಿಮಿಷ.

"ನಾಕರ ಒಳಗ?" ಅವನ ಮುಖ ಅರಳಿತು. "ಐದನೇದು? ಅರೇ ವಾ! ಇನ್ನೇನು, ಔರಂಗಾಬಾದ್!" ನನ್ನ ಜಡೆ ಎಳೆದು, ಉಳಿದ ಮೂರು ಫೇರಿಯನ್ನೂ ಓಡಿ ಮುಗಿಸಿ, ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಸೀಟಿ ಹಾಕುತ್ತಿದ್ದ.

ಮನೆಗೆ ಬಂದು ಸ್ನಾನ ಮಾಡಿ, ಪೂಜೆಗೆ ಕೂತ. ಪೂಜೆಯಾಗದೆ ಅವರ ಮನೆಯಲ್ಲಿ ಯಾರೂ ತುತ್ತು ಎತ್ತುತ್ತಿರಲಿಲ್ಲ. ಎದುರಿಗೆ ಆಯಿ ತಮ್ಮ ಪೂಜೆ ಮುಗಿಸಿ ವಿಭೂತಿ ಗಟ್ಟಿ ಸುತ್ತಿಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅವನು ಮುಚ್ಚಳ ತೆರೆದ. ತೆರೆದವನು ಕರಡಿಗೆಯೊಳಗೆ ನೋಡುತ್ತ ಕೂತ. ಆಮೇಲೆ ಕಲ್ಲನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡ, ನೀರು ಹಾಕಿದ, ವಿಭೂತಿ ಹಚ್ಚಿದ, ಪತ್ರಿ ಏರಿಸಿದ, ಕಣ್ಣು ಮುಚ್ಚಿದ. ಬಾಗಿಲ ಕಡೆ ಒಮ್ಮೆಯೂ ತಿರುಗಲಿಲ್ಲ.

"ಎಷ್ಟೊತ್ತೋ ಇವತ್ತ?" ಎಂದರು ಆಯಿ. "ರೊಟ್ಟಿ ಆರ್ಲತ್ತಾವ."

"ನನಗ ಬ್ಯಾಡ ಆಯಿ. ಹೊಟ್ಟಿ ಸರಿ ಇಲ್ಲ."

"ನಿನ್ನಿ ಆ ಉಡುಪಿಯವರ ಹೋಟೆಲ್‌ಗ ಹೋಗಿದ್ದಿ ಇಲ್ಲೋ? ಏನು ಹಾಕ್ತಾರೋ ಅವರು ಸಾರಿನಾಗ, ಬೆಲ್ಲ ಹಾಕ್ತಾರ!"

ಅವನಿಗೆ ತಿಳಿದಿಲ್ಲ ಎಂದು ನಾನು ತೀರ್ಮಾನಿಸಿದೆ. ತಿಳಿದಿದ್ದರೆ ಬೈಯುತ್ತಿದ್ದ, ಅಳುತ್ತಿದ್ದ, ಆಯಿಗೆ ಹೇಳುತ್ತಿದ್ದ. ಹನ್ನೆರಡು ವರ್ಷದ ತರ್ಕ ಅದು. ಆಯಿಗೆ ಹೇಳಿದರೆ ಮೊದಲು ಕೇಳುವ ಪ್ರಶ್ನೆ ಯಾರ ಕೈಗೆ ಕೊಟ್ಟಿದ್ದಿ ಎಂದು, ಅದರ ಮರುದಿನವೇ ಓಟ ನಿಲ್ಲುತ್ತದೆ ಎಂದು ಹೊಳೆಯಲಿಲ್ಲ.

ಮರುದಿನ ಗುಡ್ಡದ ಬುಡದಲ್ಲಿ ನಾನು ಕೈ ಚಾಚಿದೆ. ಅವನು ಕರಡಿಗೆ ಕೊಡಲಿಲ್ಲ. ಟವೆಲ್ಲನ್ನು ಉದ್ದಕ್ಕೆ ಹರಿದು, ಕರಡಿಗೆಯನ್ನು ಎದೆಗೆ ಬಿಗಿದು ಕಟ್ಟಿಕೊಂಡಿದ್ದ.

"ನೀ ಟೈಮ್ ಅಷ್ಟೇ ಬರಿ," ಎಂದ. ಸ್ವಲ್ಪ ಹೊತ್ತಿನ ನಂತರ ನೋಟುಬುಕ್ಕನ್ನು ತೆಗೆದುಕೊಂಡು ಹಿಂದಿನ ದಿನದ ಪುಟ ತೆರೆದ. "ಐದನೇದು ಖರೇನೇ ಬರ್ದೀ ಏನು?"

"ಖರೇ."

ಅವನು ಪುಟ ಮುಚ್ಚಿ ನನಗೆ ಕೊಟ್ಟ. ಆ ಒಂದು ಮಾತನ್ನು ನಾನು ಹಿಂತೆಗೆದುಕೊಳ್ಳಬಹುದಾಗಿದ್ದ ಬೆಳಿಗ್ಗೆ ಅದೊಂದೇ.

ಮೂರು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ದೊಡ್ಡವ್ವ ಮಜ್ಜಿಗೆಗೆ ಇಂಗು ಹಾಕಿ ಕೊಟ್ಟರೆ "ಆಮೇಲೆ" ಎಂದು ಮುಚ್ಚಿಡುತ್ತಿದ್ದ. ಓಟ ಮಾತ್ರ ತಪ್ಪಿಸಲಿಲ್ಲ. ಇಳಿಯುವಾಗ ತೀರ ತಡಮಾಡುತ್ತಿದ್ದ. ಕೇಳಿದರೆ, "ಮೊಣಕಾಲು ನೋಯ್ಲತ್ತಾವ, ಸಾವಕಾಶ ಇಳೀತೀನಿ," ಎಂದ. ನಾನು ಬಲಗಡೆ ಕಾಲಂನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ನಾಲ್ಕನೆಯ ದಿನ ಅವನು ಪೂಜೆಗೆ ಬಹಳ ಹೊತ್ತು ಕೂತ, ಎದ್ದು ಬಂದು ಮೂರು ರೊಟ್ಟಿ ತಿಂದ. ಬೇಸಿಗೆಯ ಬಿಸಿಲಿನ ಉಪದ್ರವ ಇಳಿಯಿತು ಎಂದರು ಆಯಿ.

ಪರೀಕ್ಷೆಯ ದಿನ ಒಂಬತ್ತು ಹುಡುಗರು ಬಂದಿದ್ದರು. ಎಲ್ಲರೂ ಬರಿಮೈಯಲ್ಲಿ, ಇಲ್ಲವೇ ತೆಳು ಬನಿಯನ್ನಿನಲ್ಲಿ. ಮಾಸ್ತರು ಸಾಲಾಗಿ ನೋಡುತ್ತ ಬಂದು ವೀರಣ್ಣನ ಮುಂದೆ ನಿಂತರು.

"ಛಾತೀಲಾ ಹೇ ಕಾಯ್ ಬಾಂಧ್‌ಲಂ ರೇ? ಕಾಢ್ ತೇ." ಎದೆಗೆ ಇದೇನು ಕಟ್ಟಿದ್ದೀ, ತೆಗೆ ಎಂದು.

"ನಾಹೀ ಸರ್," ಎಂದ ಅವನು.

"ಅರೇ, ಶ್ವಾಸ್ ಕಸಾ ಘೇಣಾರ್?" ಉಸಿರು ಹೇಗೆ ತೆಗೆದುಕೊಳ್ಳುತ್ತೀ?

ನಾನು ಸಾಲಿನ ಪಕ್ಕದಲ್ಲೇ ದೊಡ್ಡಪ್ಪನ ಜೊತೆ ನಿಂತಿದ್ದೆ. ಯಾರೂ ಹೇಳದೆಯೇ ನನ್ನ ಬಲಗೈ ಮುಂದೆ ಚಾಚಿತು. ಅವನು ನನ್ನ ಅಂಗೈಯನ್ನು ನೋಡಿದ, ನನ್ನ ಮುಖವನ್ನು ನೋಡಿದ. ಕೊಡಲಿಲ್ಲ. ಮಾಸ್ತರು ಭುಜ ಕುಣಿಸಿ ಮುಂದೆ ಹೋದರು, ಸೀಟಿ ಊದಿದರು.

ಆರನೇ ಫೇರಿಯವರೆಗೆ ಅವನು ಎರಡನೆಯವನಾಗಿದ್ದ. ಏಳನೆಯದರಲ್ಲಿ ಮೆಟ್ಟಿಲ ಮೇಲೆ ನಿಂತು ಎದೆಯ ಕಟ್ಟಿನ ಕೆಳಗೆ ಬೆರಳು ತೂರಿಸಿ ಉಸಿರೆಳೆದದ್ದನ್ನು ನಾನು ಕಂಡೆ. ಮೂರನೆಯವನಾಗಿ ಮುಗಿಸಿದ. ಎರಡನೆಯವನಿಗೂ ಅವನಿಗೂ ನಡುವೆ ಹನ್ನೊಂದು ಸೆಕೆಂಡು. ಆ ಕಟ್ಟಿನಿಂದಲೇ ಸೋತ ಎಂದು ನಾನು ಹೇಳಲಾರೆ. ಗೆದ್ದ ಹುಡುಗರು ಚೆನ್ನಾಗಿ ಓಡಿದ್ದರು. ಹನ್ನೊಂದು ಸೆಕೆಂಡು ಎಂದಷ್ಟೇ ಹೇಳಬಲ್ಲೆ. ಅದನ್ನು ನಾನೇ ಬರೆದುಕೊಂಡಿದ್ದೆ.

ದೊಡ್ಡಪ್ಪ ಬೈಯಲಿಲ್ಲ. "ನಡಿ, ಚಾ ಕುಡ್ಯೋಣು," ಎಂದರು.

ಜೂನ್‌ನಲ್ಲಿ ನನ್ನನ್ನು ಭಾಲ್ಕಿಗೆ ಬಿಡಲು ದೊಡ್ಡಪ್ಪ ಹೊರಟಾಗ ವೀರಣ್ಣನೂ ಅದೇ ಗಾಡಿಯಲ್ಲಿ ತಗಡಿನ ಟ್ರಂಕಿನೊಂದಿಗೆ ಬಂದ. ನಾವು ಮನಮಾಡದಲ್ಲಿ ಗಾಡಿ ಬದಲಿಸಬೇಕು. ಲಾಸಲಗಾಂವ್ ಅದಕ್ಕಿಂತ ಮೊದಲು. ಸ್ಟೇಷನ್ನು ಬರುವ ಮುಂಚೆಯೇ ಈರುಳ್ಳಿಯ ವಾಸನೆ ಡಬ್ಬಿಯೊಳಗೆ ಬಂತು. ಅವನು ಇಳಿದು, ಕಿಟಕಿಯ ಸರಳಿನ ನಡುವೆ ನೋಟುಬುಕ್ಕನ್ನು ನನ್ನ ಕಡೆ ತೂರಿಸಿದ.

"ಇದು ನಿನ್ನ ಕಡೇನೇ ಇರ್ಲಿ."

"ನಿನ್ನದು, ಅಣ್ಣಾ."

"ಬರ್ದಾಕಿ ನೀನು." ನಕ್ಕ. "ಅಳಬ್ಯಾಡ ಹುಚ್ಚಿ, ಅದು ಉಳ್ಳಾಗಡ್ಡಿ."

ಗಾಡಿ ಹೊರಟಿತು. ಅವನು ಮತ್ತೆ ಓಡಿದ ಸುದ್ದಿ ನಾನು ಕೇಳಲಿಲ್ಲ.

ಮುಂದೆ ಅವನು ವೈಜಾಪುರದಲ್ಲಿ ಸ್ವಂತ ಅಂಗಡಿ ಹಾಕಿದ, ಮದುವೆಯಾದ, ಮೈಬಂದು ದೊಡ್ಡ ಯಜಮಾನನಾದ. ನಾವು ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು. ನಾನು ಪತ್ರಿಕೆ ಸೇರಿದ ವರ್ಷ ಅವನು ಎಲ್ಲರೆದುರು ತಮಾಷೆ ಮಾಡಿದ, "ನಮ್ಮ ಶಾಂತಾ ಬರ್ದದ್ದು ಆಕಿಯ ಹನ್ನೆರಡನೇ ವರ್ಷದಿಂದ ನಾ ಓದ್ಲತ್ತೀನಿ." ಎಲ್ಲರೂ ನಕ್ಕರು. ನಾನು ಅವನ ಕಣ್ಣು ನೋಡಿದೆ. ಅಲ್ಲಿ ಓದುವಂಥದ್ದೇನೂ ಕಾಣಲಿಲ್ಲ. ಸುದ್ದಿಮನೆಯಲ್ಲಿ ಕಿರಿಯರಿಗೆ ನಾನು ಸದಾ ಹೇಳುತ್ತಿದ್ದದ್ದು ಒಂದೇ: ಗೊತ್ತಿಲ್ಲದಿದ್ದರೆ ಕೇಳು, ಕೇಳದೆ ಬರೆಯಬೇಡ. ಅವನನ್ನು ಮಾತ್ರ ನಾನು ಕೇಳಲಿಲ್ಲ.

ಈ ಜೂನ್ ಮೊದಲ ವಾರ ವೀರಣ್ಣ ತೀರಿಕೊಂಡ. ನಾನು ವೈಜಾಪುರ ತಲುಪಿದಾಗ ನಡುಮನೆಯಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಬಳಿದಿತ್ತು. ಸಮಾಧಿಗೆ ಒಯ್ಯುವ ಮುಂಚೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಬೆಳ್ಳಿಯ ಕರಡಿಗೆ ತೆರೆದು, ಒಳಗಿನದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿದರು.

"ಇದೇನಪ್ಪಾ? ಇದು ಗುಡ್ಡದ ಕಲ್ಲು ಅದ."

ಮಗ ಶಿವು ಮುಂದೆ ಬಂದ. ಅವನ ಕನ್ನಡದಲ್ಲಿ ಅರ್ಧ ಮರಾಠಿ. "ಪಪ್ಪಾನೀ ಸಾಂಗೂನ್ ಠೇವಲಂಯ್ ರೀ, ಹೇಳಿ ಇಟ್ಟಾರ. ಇದನ್ನೇ ಇಡ್ರಿ, ಹೊಸಾದು ತರಬ್ಯಾಡ್ರಿ ಅಂದಾರ. ಯಾಕ ಅಂತ ಕೇಳಿದ್ರ ಹೇಳ್ಲಿಲ್ಲ."

"ಎಷ್ಟು ವರ್ಷ ಪೂಜಾ ಆಗ್ಯಾದ ಇದಕ್ಕ?"

"ನಾ ಹುಟ್ಟೋಕ್ಕಿಂತ ಮೊದಲಿಂದ್ರೀ. ಒಂದು ದಿವಸಾನೂ ತಪ್ಪಿಲ್ಲ."

ಅಯ್ಯನವರು ಕಲ್ಲನ್ನು ನೀರಿನಿಂದ ತೊಳೆದರು. "ಹಂಗಿದ್ರ ಲಿಂಗಾನೇ ಆತು," ಎಂದು ಅದನ್ನು ವೀರಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಮಡಚುವ ಮುಂಚೆ ನಾನು ನೋಡಿದೆ. ಇಷ್ಟು ವರ್ಷಗಳ ವಿಭೂತಿ, ನೀರು, ಬೆರಳುಗಳಿಂದ ಅದು ಕನ್ನಡಿಯಂತೆ ನುಣುಪಾಗಿತ್ತು. ಬದಿಯ ಕಂದು ಗೆರೆ ಹಾಗೇ ಇತ್ತು.

ಅಂತ್ಯಕ್ರಿಯೆಯಾದ ಎಂಟು ದಿನಕ್ಕೆ ಕಲಬುರಗಿಯ ಮನೆಯಲ್ಲಿ ನೋಟುಬುಕ್ಕನ್ನು ತೆರೆದೆ. ನಾನು ಸದಾ ನೋಡುತ್ತಿದ್ದದ್ದು ಎಡಗಡೆ ಕಾಲಂ, ಆ ಸುಳ್ಳು ಮೂರು ನಿಮಿಷ ಐವತ್ತೆಂಟು. ಬಲಗಡೆಯದನ್ನು ಓದಿದ್ದೇ ಇಲ್ಲ. ಆ ದಿನದವರೆಗೆ ಎಲ್ಲ ಫೇರಿಗಳಲ್ಲೂ ಇಳಿಯಲು ಮೂರು ನಿಮಿಷ, ಹೆಚ್ಚೆಂದರೆ ಮೂರೂಕಾಲು. ಮರುದಿನ ಆರು ನಿಮಿಷ, ಏಳು, ಒಂಬತ್ತು, ಹನ್ನೊಂದು. ಅದರ ಮರುದಿನ ಹದಿಮೂರು. ಮೂರನೆಯ ದಿನದ ಕೊನೆಯ ಫೇರಿ ಹದಿನೆಂಟು. ನಾಲ್ಕನೆಯ ದಿನ, ಅವನು ಮೂರು ರೊಟ್ಟಿ ತಿಂದ ದಿನ, ಮತ್ತೆ ಮೂರು ನಿಮಿಷ.

ಮೊಣಕಾಲು ನೋವು ಹಾಗೆ ಬಂದು ಹಾಗೆ ಹೋಗುವುದಿಲ್ಲ. ಅವನು ಹುಡುಕುತ್ತಿದ್ದ. ನಾನು ಕೆಳಗೆ ನಿಂತು, ಅವನು ಹುಡುಕಿದ ಒಂದೊಂದು ನಿಮಿಷವನ್ನೂ ನನ್ನ ಕೈಯಾರೆ ದಾಖಲಿಸುತ್ತಿದ್ದೆ.

ಹಾಗಾಗಿ ಮತ್ತೆ ಇಲ್ಲಿಗೆ ಬಂದಿದ್ದೆ. ಮಕ್ಕಳು ಬದಿಗೆ ಸರಿದು ದಾರಿ ಬಿಟ್ಟರು. "ಆಜೀ, ಸಾವಕಾಶ," ಎಂದಳು ಆ ಹುಡುಗಿ. ಕಂಬಿ ಹಿಡಿದು ಮೊದಲ ತಿರುವಿನವರೆಗೆ ಹತ್ತಿದೆ. ಸೀತಾಫಲದ ಗಿಡ ಇಲ್ಲ, ಮೆಟ್ಟಿಲಿಗೆ ಸಿಮೆಂಟು ಬಂದಿದೆ, ಬದಿಯ ಕಲ್ಲುಗಳು ಮಾತ್ರ ಅವೇ, ಮಳೆಗೆ ತೊಳೆದು ಎಲ್ಲವೂ ಒಂದೇ ಕಪ್ಪು. ನೋಟುಬುಕ್ಕು ತೆರೆದು ಐದನೆಯ ಫೇರಿಯ ಎರಡೂ ಸಂಖ್ಯೆಗಳ ಮೇಲೆ ಅಡ್ಡಗೆರೆ ಎಳೆದೆ, ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದು ಸಹಿ ಮಾಡಿದೆ. ಆಮೇಲೆ ಕೈಗಡಿಯಾರ ನೋಡಿಕೊಂಡು, ಕಣ್ಣನ್ನು ನೆಲಕ್ಕಿಟ್ಟು, ಒಂದೊಂದೇ ಕಲ್ಲು ನೋಡುತ್ತ ಇಳಿದೆ. ಏನೂ ಸಿಗಲಿಲ್ಲ.

ಇಳಿಯಲು ಇಪ್ಪತ್ತಾರು ನಿಮಿಷ. ಬಲಗಡೆ ಕಾಲಂನಲ್ಲಿ, ಅವನ ಕೊನೆಯ ಸಂಖ್ಯೆಯ ಕೆಳಗೆ, ಬರೆದಿದ್ದೇನೆ.